ಒಂದು ಲಗ್‌ಗಾಗಿ ಇನ್ನೊಂದು ಡ್ರಮ್

ಲುಡ್ವಿಗ್ ಕಂಪನಿಯ ಸುಪ್ರಾಫೋನಿಕ್ ಸ್ನೇರ್ ಡ್ರಮ್ಮನ್ನು ಪೂರ್ತಿ ಬಿಚ್ಚಿ ಮೇಜಿನ ಮೇಲೆ ಹರಡಿ ನೋಡಿ. ಹತ್ತು ಲಗ್, ಇಪ್ಪತ್ತು ಟೆನ್ಷನ್ ರಾಡ್, ಆ ರಾಡುಗಳು ಕಚ್ಚಿಕೊಳ್ಳಲು ಲಗ್ ಒಳಗೆ ಕೂರುವ ಇಪ್ಪತ್ತು ನಟ್, ನಟ್ಟುಗಳನ್ನು ಅಲುಗದಂತೆ ಒತ್ತಿ ಹಿಡಿಯುವ ಸ್ಪ್ರಿಂಗ್, ಎರಡು ಹೂಪ್, ಸ್ನೇರ್ ತಂತಿಯನ್ನು ಎಳೆದು ಬಿಡುವ ಸ್ಟ್ರೇನರ್, ಅದರ ಎದುರು ಬದಿಯ ಬಟ್ ಪ್ಲೇಟ್, ಒಳಗೊಂದು ಮಫ್ಲರ್, ಇಷ್ಟನ್ನೂ ಡ್ರಮ್ಮಿನ ದುಂಡು ಮೈಯಾದ ಶೆಲ್‌ಗೆ ಬಿಗಿಯುವ ಸಣ್ಣ ಸ್ಕ್ರೂ, ವಾಷರ್. ಲೆಕ್ಕ ಸಲೀಸಾಗಿ ನೂರು ದಾಟುತ್ತದೆ. ಶೆಲ್ ಮಾತ್ರ ಒಂದೇ. ಹಳೆಯ ಡ್ರಮ್ಮಿಗೆ ಮರುಜೀವ ಕೊಡುವುದು ಎಂದರೆ ಹೊರಗಿನವರ ಕಣ್ಣ ಮುಂದೆ ಬರುವುದು ಮರ, ಬಣ್ಣ, ಪಾಲಿಶ್. ಕೆಲಸಕ್ಕೆ ಕೂತವರ ನಿದ್ದೆ ಕೆಡಿಸುವುದು ಆ ನೂರು ಚೂರುಗಳಲ್ಲಿ ಕಾಣೆಯಾದ ಒಂದು ಚೂರು.

ಶೆಲ್ ಅಷ್ಟು ಬೇಗ ಕೈ ಕೊಡುವುದಿಲ್ಲ. 1960ರ ದಶಕದಲ್ಲಿ ಮೇಪಲ್, ಪಾಪ್ಲರ್, ಮಹಾಗನಿ ಪದರಗಳನ್ನು ಅಂಟಿಸಿ ಬಗ್ಗಿಸಿದ ಶೆಲ್ಲು ಅರ್ಧ ಶತಮಾನ ಉಗ್ರಾಣದಲ್ಲಿ ಬಿದ್ದಿದ್ದರೂ ದುಂಡಾಗಿಯೇ ಇರುವುದುಂಟು. ಪದರ ಎಲ್ಲಾದರೂ ಬಾಯಿ ಬಿಟ್ಟಿದ್ದರೆ ಅಂಟು ತುಂಬಿಸಿ ಒಂದು ರಾತ್ರಿ ಕ್ಲ್ಯಾಂಪ್ ಹಾಕಿಟ್ಟರೆ ಸಾಕು. ಆದರೆ ಒಂದು ಲಗ್ ಸೀಳಿದರೆ, ಸ್ಟ್ರೇನರಿನ ಹಿಡಿ ಮುರಿದರೆ ಡ್ರಮ್ ಮೂಲೆ ಸೇರುತ್ತದೆ. ಅದೇ ಮಾದರಿಯ ಇನ್ನೊಂದನ್ನು ಎಲ್ಲಿಂದ ತರುವುದು? ಹಳೆಯದನ್ನೇ ಹುಡುಕಬಹುದು, ಈಗ ಮಾರುಕಟ್ಟೆಯಲ್ಲಿರುವ ಪ್ರತಿಕೃತಿಯನ್ನು ಕೊಳ್ಳಬಹುದು, ಇಲ್ಲವೇ ಹೊಸದಾಗಿ ಮಾಡಿಸಬಹುದು. ಸಂಗ್ರಾಹಕರ ಲೋಕದಲ್ಲಿ ಮೊದಲನೆಯದಕ್ಕೆ ಮಣೆ, ಎರಡನೆಯದಕ್ಕೆ ಬಾಗಿಲ ಬಳಿ ಜಾಗ, ಮೂರನೆಯದಕ್ಕೆ ಅಂಗಳ. ಈ ಪಂಕ್ತಿ ನನಗೆ ತಲೆಕೆಳಗಾಗಿ ಕಾಣುತ್ತದೆ. ಏಕೆಂದು ಹೇಳುವ ಮೊದಲು ಈ ಬಿಡಿಭಾಗಗಳು ಎಲ್ಲಿಂದ ಬಂದವು, ಎಲ್ಲಿಗೆ ಹೋದವು ಎಂದು ನೋಡಬೇಕು.

ಅಮೆರಿಕದ ಡ್ರಮ್ ಉದ್ಯಮ ಕೈಯಿಂದ ಕೈಗೆ ದಾಟುತ್ತಲೇ ಬೆಳೆಯಿತು. ವಿಲಿಯಂ ಎಫ್. ಲುಡ್ವಿಗ್ ಮತ್ತು ತಮ್ಮ ಥಿಯೋಬಾಲ್ಡ್ 1909ರಲ್ಲಿ ಷಿಕಾಗೊದಲ್ಲಿ ಕಂಪನಿ ಶುರು ಮಾಡಿದ್ದು ಬಾಸ್ ಡ್ರಮ್ಮಿನ ಪೆಡಲ್ ಮಾಡಲು. ಅಂದರೆ ಮೊದಲು ಬಂದದ್ದೇ ಹಾರ್ಡ್‌ವೇರ್, ಡ್ರಮ್ ಆಮೇಲೆ. 1920ರ ದಶಕದ ಕೊನೆಗೆ ಕಂಪನಿ ಕಾನ್ ಸಂಸ್ಥೆಯ ಪಾಲಾಯಿತು. ವಿಲಿಯಂ 1937ರಲ್ಲಿ ತನ್ನ ಇನಿಷಿಯಲ್‌ಗಳನ್ನೇ ಹೆಸರಾಗಿಸಿ ಡಬ್ಲ್ಯು.ಎಫ್.ಎಲ್. ಕಂಪನಿ ಕಟ್ಟಿ, 1955ರಲ್ಲಿ ತನ್ನದೇ ಮನೆಹೆಸರನ್ನು ದುಡ್ಡು ಕೊಟ್ಟು ವಾಪಸು ಕೊಂಡ. 1964ರ ಫೆಬ್ರವರಿ 9ರಂದು ಎಡ್ ಸಲಿವನ್ ಶೋನಲ್ಲಿ ರಿಂಗೊ ಸ್ಟಾರ್ ಹಿಂದೆ ಕೂತಿದ್ದ ಬಾಸ್ ಡ್ರಮ್ಮಿನ ಮೇಲೆ ಆ ಹೆಸರು ದೇಶಕ್ಕೆಲ್ಲ ಕಾಣಿಸಿತು. ಷಿಕಾಗೊದ ಕಾರ್ಖಾನೆಗೆ ಹಗಲು ರಾತ್ರಿ ಕೆಲಸ. 1981ರಲ್ಲಿ ಸೆಲ್ಮರ್ ಅದನ್ನು ಕೊಂಡು, ಮುಂದೆ ತಯಾರಿಕೆಯನ್ನು ಉತ್ತರ ಕೆರೊಲಿನಾದ ಮನ್ರೋಗೆ ಒಯ್ದಿತು. ಇಷ್ಟು ಕೈ ಬದಲಾದರೂ ಲುಡ್ವಿಗ್ ತನ್ನ ಇಂಪೀರಿಯಲ್ ಲಗ್ ಮತ್ತು ಪಿ-85 ಸ್ಟ್ರೇನರನ್ನು ಬಿಟ್ಟುಕೊಡಲಿಲ್ಲ. ಹಾಗಾಗಿ 1966ರ ಲುಡ್ವಿಗ್ ಇಟ್ಟುಕೊಂಡವನು ಪುಣ್ಯವಂತ. ಅವನ ಡ್ರಮ್ಮಿಗೆ ಬೇಕಾದ ಬಹಳಷ್ಟು ಭಾಗಗಳು ಇವತ್ತೂ ಹೊಸದಾಗಿ ಸಿಗುತ್ತವೆ.

ಗ್ರೆಚ್ ಕಥೆ ಹೆಚ್ಚು ಅಂಕುಡೊಂಕು. 1883ರಲ್ಲಿ ಬ್ರೂಕ್ಲಿನ್‌ನಲ್ಲಿ ಹುಟ್ಟಿ, 1967ರಲ್ಲಿ ಬಾಲ್ಡ್‌ವಿನ್ ಕೈಸೇರಿ, ಅರ್ಕನ್ಸಾಗೆ ವಲಸೆ ಹೋಗಿ, 1985ರಲ್ಲಿ ಮನೆತನಕ್ಕೆ ಮರಳಿತು. ಈಗ ದಕ್ಷಿಣ ಕೆರೊಲಿನಾದ ರಿಜ್‌ಲ್ಯಾಂಡ್‌ನಲ್ಲಿ ಡ್ರಮ್ ಮಾಡುತ್ತದೆ. ಸ್ಲಿಂಗರ್‌ಲ್ಯಾಂಡ್, ಅಂದರೆ ಜೀನ್ ಕ್ರೂಪಾ ನುಡಿಸುತ್ತಿದ್ದ ರೇಡಿಯೊ ಕಿಂಗ್ ಡ್ರಮ್ಮಿನ ಕಂಪನಿ, ಹಲವು ಒಡೆಯರನ್ನು ಕಂಡು ಗಿಬ್ಸನ್‌ಗೆ ಹೋಗಿ, 2019ರಲ್ಲಿ ಡಿ.ಡಬ್ಲ್ಯು. ಎಂಬ ಡ್ರಮ್ ಕಂಪನಿಯ ಪಾಲಾಯಿತು. ಒಹಾಯೊದ ರೋಜರ್ಸ್ ಕಂಪನಿಯನ್ನು 1966ರಲ್ಲಿ ಸಿ.ಬಿ.ಎಸ್. ಕೊಂಡು ಕ್ಯಾಲಿಫೋರ್ನಿಯಾಕ್ಕೆ ಸಾಗಿಸಿತು. ಎಲ್ಲಕ್ಕಿಂತ ವಿಚಿತ್ರ ಕ್ಯಾಮ್ಕೊ ಎಂಬ ಡ್ರಮ್ ಕಂಪನಿಯ ಗತಿ. 1970ರ ದಶಕದ ಕೊನೆಗೆ ಅದು ಮುಚ್ಚಿದಾಗ ಹೆಸರು ಜಪಾನಿನ ಟಾಮಾ ಕಂಪನಿಗೆ ಹೋಯಿತು, ಅಚ್ಚು ಮತ್ತು ಯಂತ್ರಗಳು ಕ್ಯಾಲಿಫೋರ್ನಿಯಾದ ಡಿ.ಡಬ್ಲ್ಯು.ಗೆ ಹೋದವು. ಡಿ.ಡಬ್ಲ್ಯು. ಡ್ರಮ್ಮುಗಳ ದುಂಡನೆಯ ಲಗ್ ನೋಡಿದವರಿಗೆ ಕ್ಯಾಮ್ಕೊ ನೆನಪಾದರೆ ಕಾರಣ ಅದೇ. ಹೆಸರು ಯಾರ ಬಳಿ ಇದೆ ಎನ್ನುವುದು ಬಿಡಿಭಾಗ ಹುಡುಕುವವನಿಗೆ ಅಷ್ಟು ಮುಖ್ಯವಲ್ಲ. ಅವನು ಕೇಳಬೇಕಾದ್ದು ಅಚ್ಚು ಯಾರ ಬಳಿ ಇದೆ ಎಂದು.

ಈಗ ಥ್ರೆಡ್ಡಿನ ವಿಷಯ. ಇಲ್ಲಿ ಸ್ವಲ್ಪ ನಿಧಾನಿಸಬೇಕು, ಏಕೆಂದರೆ ಒಳ್ಳೆಯ ಲಗ್ಗುಗಳು ಹಾಳಾಗುವುದು ಇಲ್ಲೇ. ಅಮೆರಿಕದ ಡ್ರಮ್ಮುಗಳ ಟೆನ್ಷನ್ ರಾಡ್ ಬಹುಮಟ್ಟಿಗೆ 12-24 ಅಳತೆಯದು. 12 ಎನ್ನುವುದು ದಪ್ಪದ ನಂಬರು, ಸುಮಾರು 5.5 ಮಿಲಿಮೀಟರ್. 24 ಎಂದರೆ ಇಂಚಿಗೆ ಅಷ್ಟು ಸುತ್ತು. ಜಪಾನಿನವರೂ ತೈವಾನಿನವರೂ ಈ ಅಳತೆಯನ್ನೇ ಅನುಸರಿಸಿದ್ದರಿಂದ ರಾಡಿಗೆ ಬರಗಾಲವಿಲ್ಲ. ಉದ್ದ ಸರಿ ನೋಡಿ ಕೊಂಡರೆ ಮುಗಿಯಿತು. ತೊಂದರೆ ಇರುವುದು ಊರಿನ ಅಂಗಡಿಗೆ ಓಡುವವರಿಗೆ. ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯಲ್ಲಿ ಕೈಗೆ ಸುಲಭವಾಗಿ ಬರುವುದು ಮೆಟ್ರಿಕ್ ಬೋಲ್ಟು. 5 ಮಿಲಿಮೀಟರಿನದು ಲೊಡಲೊಡ, 6ರದ್ದು ಒಳಗೇ ಹೋಗದು, ನಡುವೆ ಏನೂ ಇಲ್ಲ. ಜರ್ಮನಿಯ ಹಳೆಯ ಸೋನರ್ ಡ್ರಮ್ಮಿನಲ್ಲಿ ಮೆಟ್ರಿಕ್ ರಾಡಿದೆ, ಅದರ ತಲೆಗೆ ಡ್ರಮ್ ಕೀ ಹೊಂದದು, ಅಲ್ಲಿ ಸೀಳುಗೆರೆ ಇದ್ದು ಸ್ಕ್ರೂಡ್ರೈವರ್ ಬೇಕು. ಇನ್ನು ಬ್ರಿಟಿಷರ ವಿಟ್‌ವರ್ತ್ ಪದ್ಧತಿ: 7/32 ಇಂಚಿನ ಅವರ ಬೋಲ್ಟಿಗೂ ಇಂಚಿಗೆ 24 ಸುತ್ತೇ, ದಪ್ಪವೂ ಹೆಚ್ಚುಕಡಿಮೆ ಅಷ್ಟೇ. ಆದರೆ ಸುತ್ತಿನ ಕೋನ 55 ಡಿಗ್ರಿ, ಅಮೆರಿಕದ್ದು 60. ಒಂದರೊಳಗೆ ಇನ್ನೊಂದು ಹೋಗುತ್ತದೆ, ಸ್ವಲ್ಪ ಬಿಗಿ ಎನಿಸುತ್ತದೆ, ಒತ್ತಾಯ ಮಾಡಿದರೆ ಒಳಗಿನ ನಟ್ ಕೆಡುತ್ತದೆ. ಹಳೆಯ ಬ್ರಿಟಿಷ್ ಡ್ರಮ್ ಎದುರಿಗಿದ್ದಾಗ ಥ್ರೆಡ್ ಗೇಜ್ ಇಲ್ಲದೆ ರಾಡ್ ತಿರುಗಿಸಬಾರದು.

ಲಗ್ಗನ್ನು ಶೆಲ್‌ಗೆ ಬಿಗಿಯುವ ಸ್ಕ್ರೂ ಇನ್ನೂ ಹೆಚ್ಚು ಬಲಿ ತೆಗೆದುಕೊಂಡಿದೆ. ಅಮೆರಿಕದ ಬಹಳಷ್ಟು ಲಗ್ಗುಗಳಲ್ಲಿ 8-32 ಥ್ರೆಡ್ ಇದೆ, ದಪ್ಪ ಸುಮಾರು 4.17 ಮಿಲಿಮೀಟರ್. ನಮ್ಮಲ್ಲಿ ಮನೆಮನೆಯ ಡಬ್ಬಿಯಲ್ಲಿರುವ 4 ಮಿಲಿಮೀಟರಿನ ಸ್ಕ್ರೂ ಎರಡು ಮೂರು ಸುತ್ತು ನಗುನಗುತ್ತಾ ಹೋಗಿ, ಅಲ್ಲಿಂದ ಮುಂದೆ ಮೆತ್ತನೆಯ ಸತುವನ್ನು ಕೆರೆದು ಹಾಕುತ್ತದೆ. ಥ್ರೆಡ್ ಹೋಯಿತು ಎಂದು ಅದನ್ನು ದೊಡ್ಡದು ಮಾಡಿ ಹೊಡೆಸಿದ ಲಗ್ಗುಗಳು, ಶೆಲ್ಲಿನ ತೂತನ್ನು ಅಗಲಿಸಿ ಬೋಲ್ಟು ತುರುಕಿದ ಡ್ರಮ್ಮುಗಳು ಬೇಕಾದಷ್ಟಿವೆ. ಲಗ್ಗಿಗೆ ಅಳತೆ ಮೀರಿದ ಥ್ರೆಡ್ ಹೊಡೆಯುವ ಬದಲು ಕೆಟ್ಟ ಜಾಗಕ್ಕೆ ತಂತಿ ಸುರುಳಿಯ ಇನ್ಸರ್ಟ್ ಕೂರಿಸಿದರೆ ಮೂಲ ಅಳತೆ ಉಳಿಯುತ್ತದೆ. ಮೋಟರ್ ಎಂಜಿನ್ ರಿಪೇರಿ ಮಾಡುವ ಯಾವ ಮೆಕ್ಯಾನಿಕ್ಕಿಗೂ ಇದು ಗೊತ್ತಿರುವ ವಿದ್ಯೆ.

ಹೆಡ್ಡಿನ ಅಳತೆಯೂ ಅರ್ಧ ಶಿಸ್ತಿನದು. 1950ರ ದಶಕದ ನಡುವಿನವರೆಗೆ ಡ್ರಮ್ಮಿಗೆ ಕರುವಿನ ಚರ್ಮ ಹೊದಿಸುತ್ತಿದ್ದರು. ಚರ್ಮವನ್ನು ನೆನೆಸಿ ಬಳೆಗೆ ಸುತ್ತಿ ಮಡಿಸುವಾಗ ಶೆಲ್ ಕೂದಲೆಳೆಯಷ್ಟು ದೊಡ್ಡದಿದ್ದರೂ ಸರಿದೂಗುತ್ತಿತ್ತು. ಡ್ಯುಪಾಂಟ್ ಕಂಪನಿಯ ಮೈಲಾರ್ ಹಾಳೆಯಿಂದ ಚಿಕ್ ಎವನ್ಸ್ ಮತ್ತು ರೆಮೊ ಬೆಲ್ಲಿ ಪ್ಲಾಸ್ಟಿಕ್ ಹೆಡ್ ತಯಾರಿಸಿ ಮಾರತೊಡಗಿದ ಮೇಲೆ ಬಳೆ ಕಾರ್ಖಾನೆಯಲ್ಲೇ ನಿಗದಿಯಾಗಿ ಬರತೊಡಗಿತು. ಶೆಲ್ಲೇ ಅದಕ್ಕೆ ಹೊಂದಬೇಕಾಯಿತು. ಹಳೆಯ ಗ್ರೆಚ್ ಶೆಲ್ಲುಗಳು ತುಸು ದೊಡ್ಡವು, ಇಂದಿನ ಹೆಡ್ ಅವುಗಳ ಮೇಲೆ ಸಿಕ್ಕಿಕೊಳ್ಳುತ್ತದೆ. ಇಂಗ್ಲೆಂಡಿನ ಪ್ರೀಮಿಯರ್ 1960ರ ದಶಕದ ಕೊನೆಯವರೆಗೆ ತನ್ನದೇ ಅಳತೆ ಹಿಡಿದುಕೊಂಡಿತ್ತು. ಕೆಲವರು ಇದಕ್ಕೆ ಶೆಲ್ಲನ್ನೇ ಉಜ್ಜಿ ಸಣ್ಣದು ಮಾಡುತ್ತಾರೆ. ನೋಡಲು ಸಂಕಟವಾಗುತ್ತದೆ. ಅಕ್ವೇರಿಯನ್ ಕಂಪನಿ ಇಂಥ ಡ್ರಮ್ಮುಗಳಿಗೆಂದೇ ಕೊಂಚ ಸಡಿಲವಾದ ಹೆಡ್ ಮಾಡುತ್ತದೆ. ಬದಲಾಯಿಸಲೆಂದೇ ಇರುವ ಹೆಡ್ಡು ಕಡಿಮೆ ಬೆಲೆಗೆ ಸಿಗುವಾಗ ಬದಲಾಯಿಸಲಾಗದ ಶೆಲ್ಲಿನ ಮೇಲೆ ಕೈ ಮಾಡುವುದೇಕೆ? ಹ್ಯಾಂಬರ್ಗಿನ ಟ್ರಿಕ್ಸನ್ ಕಂಪನಿಯ ಸ್ಪೀಡ್‌ಫೈರ್ ಮಾದರಿಯಲ್ಲಿ ಬಾಸ್ ಡ್ರಮ್ಮೇ ದುಂಡಗಿಲ್ಲ, ಒಂದು ಬದಿ ಗಾಳಿ ಇಳಿದಂತೆ ಚಪ್ಪಟೆ. ಅದರ ಹೆಡ್ ಹುಡುಕುವವರ ಪಾಡು ದೇವರಿಗೇ ಪ್ರೀತಿ.

ಲೋಹಕ್ಕೆ ಬರೋಣ. ಲಗ್ಗುಗಳಲ್ಲಿ ಬಹುಪಾಲು ಸತುವಿನ ಮಿಶ್ರಲೋಹದ ಎರಕ. ಅಗ್ಗ, ಅಚ್ಚಿನಲ್ಲಿ ಅಂದವಾಗಿ ಬರುತ್ತದೆ, ಮೇಲೆ ಕ್ರೋಮ್ ಹೊಡೆದರೆ ಬೆಳ್ಳಿಯನ್ನೂ ಮರೆಸುತ್ತದೆ. ಆದರೆ ಸತುವಿನಲ್ಲಿ ಸೀಸ, ತವರದ ಕಲಬೆರಕೆ ಇದ್ದರೆ ದಶಕಗಳ ನಂತರ ಅದು ಒಳಗಿನಿಂದಲೇ ಉಬ್ಬಿ, ಬಿರುಕು ಬಿಟ್ಟು, ಕೈಯಲ್ಲೇ ಪುಡಿಯಾಗುತ್ತದೆ. ನ್ಯೂಜೆರ್ಸಿ ಜಿಂಕ್ ಕಂಪನಿ 1929ರಲ್ಲಿ ಶುದ್ಧ ಸತುವಿನ ಜಾಮಾಕ್ ಮಿಶ್ರಲೋಹ ತಂದ ಮೇಲೆ ಈ ಕಾಯಿಲೆ ತಗ್ಗಿತು. ಹಾಗಾಗಿ ಅದಕ್ಕಿಂತ ಹಳೆಯ ಎರಕದ ಭಾಗ ಹೊಳೆಯುತ್ತಿದ್ದರೂ ಬೆಳಕಿಗೆ ಹಿಡಿದು ಸೀಳು ಹುಡುಕಬೇಕು. ರೋಜರ್ಸ್‌ನವರ ಸಮಸ್ಯೆ ಬೇರೆ ಬಗೆಯದು. ಅವರ ಹಳೆಯ ಲಗ್ ಎರಕದ್ದಲ್ಲ, ತೆಳು ಹಿತ್ತಾಳೆ ತಗಡನ್ನು ಒತ್ತಿ ಮಾಡಿದ್ದು. ಡ್ರಮ್ ಪ್ರಿಯರ ಬಾಯಲ್ಲಿ ಅದಕ್ಕೆ ‘ಬ್ರೆಡ್ ಆ್ಯಂಡ್ ಬಟರ್’ ಎಂಬ ಹೆಸರು. ಚೆಂದವೇ ಚೆಂದ, ಆದರೆ ಬಿಗಿ ಹೆಚ್ಚಾದರೆ ಮೂಲೆಯಲ್ಲಿ ಸೀಳುತ್ತದೆ. 1964ರ ಸುಮಾರಿಗೆ ಕಂಪನಿಯೇ ಸೋಲೊಪ್ಪಿ ‘ಬೀವರ್‌ಟೇಲ್’ ಎಂಬ ಎರಕದ ಲಗ್ಗಿಗೆ ಬದಲಾಯಿತು. ಅಂದರೆ ಅದಕ್ಕಿಂತ ಹಿಂದಿನ ರೋಜರ್ಸ್ ಡ್ರಮ್ಮಿಗೆ ‘ಮೂಲ’ ಲಗ್ ಬೇಕೆಂದು ಹಟ ಹಿಡಿದವನು ಮತ್ತೆ ಸೀಳುವುದನ್ನೇ ದುಬಾರಿ ಬೆಲೆ ಕೊಟ್ಟು ತರುತ್ತಾನೆ.

ಸುಪ್ರಾಫೋನಿಕ್‌ನಲ್ಲಿ ಶೆಲ್ಲೇ ಲೋಹದ್ದು. ಮೊದಮೊದಲು ಹಿತ್ತಾಳೆ, 1963ರ ಆಸುಪಾಸಿನಿಂದ ಅಲ್ಯೂಮಿನಿಯಂ. ಅಲ್ಯೂಮಿನಿಯಂ ಮೇಲೆ ಕ್ರೋಮ್ ಗಟ್ಟಿಯಾಗಿ ಕೂರುವುದಿಲ್ಲ. ಬೆವರು ತಾಗಿದಲ್ಲೆಲ್ಲ ಗುಳ್ಳೆ ಎದ್ದು ಸಿಡುಬಿನ ಕಲೆಯಾಗುತ್ತದೆ. ಅದನ್ನು ಗುಣಪಡಿಸುವ ಮದ್ದಿಲ್ಲ. ಒಳ್ಳೆಯ ಸುದ್ದಿ ಎಂದರೆ ನಾದಕ್ಕೆ ಅದರಿಂದ ಏನೂ ಆಗುವುದಿಲ್ಲ, ಬೆಲೆ ಮಾತ್ರ ಇಳಿಯುತ್ತದೆ. ನುಡಿಸಲು ಡ್ರಮ್ ಹುಡುಕುವವರು ಇಂಥ ಕಲೆ ಬಿದ್ದದ್ದನ್ನೇ ಕೊಳ್ಳುವುದು ಜಾಣತನ.

ಶುಚಿ ಮಾಡುವ ಉತ್ಸಾಹದಲ್ಲಿ ಆಗುವ ಹಾನಿ ತುಕ್ಕಿನಿಂದಾದ ಹಾನಿಗಿಂತ ಕಡಿಮೆಯೇನಲ್ಲ. ಕ್ರೋಮ್ ಪದರ ಒಂದು ಮೈಕ್ರಾನ್‌ಗಿಂತ ತೆಳು. ಅದರಡಿಯ ನಿಕಲ್ ಪದರವೇ ನಿಜವಾದ ಕವಚ. ಕ್ರೋಮಿನ ಮೇಲಿನ ಮೇಲ್ತುಕ್ಕನ್ನು ಅಲ್ಯೂಮಿನಿಯಂ ಹಾಳೆಯ ಉಂಡೆಯನ್ನು ನೀರಲ್ಲಿ ಅದ್ದಿ ಉಜ್ಜಿ ತೆಗೆಯಬಹುದು, ಅಲ್ಯೂಮಿನಿಯಂ ಕ್ರೋಮಿಗಿಂತ ಮೆತ್ತಗಿರುವುದರಿಂದ ಗೀರು ಬೀಳದು. 1930ರ ದಶಕದ ಹಾರ್ಡ್‌ವೇರಿಗೆ ಬರೀ ನಿಕಲ್ ಲೇಪ ಇರುವುದು ಹೆಚ್ಚು. ಅದನ್ನು ಮೆಟಲ್ ಪಾಲಿಶಿನಿಂದ ತಿಕ್ಕಿದರೆ ನಿಕಲ್ಲೇ ಬಟ್ಟೆಗೆ ಬರುತ್ತದೆ. ದೇವರ ಮನೆಯ ಹಿತ್ತಾಳೆ ಬೆಳಗುವ ಹುಣಸೆಹಣ್ಣನ್ನು ಬರಿಯ ಹಿತ್ತಾಳೆಗೆ ಬಳಸಬಹುದು. ಸತುವಿನ ಲಗ್ಗಿಗೆ ತಾಗಿಸಬಾರದು, ಹುಳಿ ಸತುವನ್ನು ತಿನ್ನುತ್ತದೆ.

ಹೊರಗಿನ ಮುತ್ತಿನ ಹೊಳಪಿನ ಹೊದಿಕೆ, ಡ್ರಮ್ಮಿನವರು ರ‍್ಯಾಪ್ ಎನ್ನುವುದು, ಹಳೆಯ ಡ್ರಮ್ಮುಗಳಲ್ಲಿ ಸೆಲ್ಯುಲಾಯ್ಡ್‌ನದು. ಸೆಲ್ಯುಲಾಯ್ಡನ್ನು ಮೆದು ಮಾಡಲು ಕರ್ಪೂರ ಬೆರೆಸುತ್ತಿದ್ದರು. ಅರವತ್ತು ವರ್ಷದ ಹೊದಿಕೆಯನ್ನು ಕತ್ತರಿಸಿದಾಗ ಮಂಗಳಾರತಿಯ ವಾಸನೆ ಬರುವುದು ಇದೇ ಕಾರಣಕ್ಕೆ. ಕರ್ಪೂರದ ಹಾಗೆಯೇ ಅದು ಭಗ್ಗನೆ ಹೊತ್ತಿಕೊಳ್ಳಲೂಬಲ್ಲದು, ಹೀಟ್ ಗನ್ ಹಿಡಿದವರು ನೆನಪಿಟ್ಟುಕೊಳ್ಳಬೇಕು. ಬಣ್ಣ ಮಾಸಿದ ಹೊದಿಕೆಯನ್ನು ಕಿತ್ತು ಹೊಸದು ಅಂಟಿಸುವುದಕ್ಕೆ ನಾನು ವಿರೋಧಿ. ಲಗ್ಗಿನ ಅಡಿಯಲ್ಲಿ ಬಿಸಿಲು ಕಾಣದೆ ಉಳಿದ ಚೌಕವೊಂದು ಕಾರ್ಖಾನೆಯ ಬಣ್ಣ ಏನಿತ್ತೆಂದು ಹೇಳುತ್ತದೆ. ಹೊದಿಕೆಯ ಜೊತೆ ಆ ಸಾಕ್ಷಿಯೂ ಹೋಗುತ್ತದೆ. ಹೆಡ್ ಕೂರುವ ಅಂಚನ್ನು ಮತ್ತೆ ಕಡೆಯುವ ಚರ್ಚೆಯೂ ಇದೇ ಜಾತಿಯದು. ಸಮತಟ್ಟಾದ ಗ್ರಾನೈಟ್ ಹಲಗೆಯ ಮೇಲೆ ಶೆಲ್ಲನ್ನು ಬೋರಲಿಟ್ಟು ಒಳಗೆ ದೀಪ ಹಚ್ಚಿ, ಬೆಳಕು ಎಲ್ಲೂ ಸೋರದಿದ್ದರೆ ಅಂಚನ್ನು ಮುಟ್ಟುವ ಅಗತ್ಯವಿಲ್ಲ.

ಇನ್ನು ಹಳೆಯ ಬಿಡಿಭಾಗದ ಪೇಟೆ. ವ್ಯಾಪಾರಿಗಳಿಗೆಲ್ಲ ಗೊತ್ತಿರುವ ಒಂದು ಲೆಕ್ಕವಿದೆ: ಹಳೆಯ ಡ್ರಮ್ಮನ್ನು ಇಡಿಯಾಗಿ ಮಾರುವುದಕ್ಕಿಂತ ಬಿಚ್ಚಿ ಬಿಡಿಬಿಡಿಯಾಗಿ ಮಾರಿದರೆ ಹೆಚ್ಚು ದುಡ್ಡು ಬರುತ್ತದೆ. ಬ್ಯಾಡ್ಜ್‌ಗೆ ಒಬ್ಬ ಗಿರಾಕಿ, ಸ್ಟ್ರೇನರಿಗೆ ಒಬ್ಬ, ಲಗ್ಗುಗಳಿಗೆ ನಾಲ್ವರು. ಕೊನೆಗೆ ಉಳಿಯುವ ತೂತುಮಯ ಶೆಲ್ಲನ್ನು ಕೇಳುವವರಿಲ್ಲ. ಜೊತೆ ಕಳೆದುಕೊಂಡ ಒಂಟಿ ಡ್ರಮ್ಮಿಗೆ ಈ ವಲಯದಲ್ಲಿ ಆರ್ಫನ್ ಎನ್ನುತ್ತಾರೆ. ಅನಾಥರನ್ನು ಕಡಿದು ಹಂಚಿಕೊಳ್ಳುವುದು ಪಾಪವಲ್ಲ ಎಂಬ ಒಪ್ಪಂದ ಇದ್ದಂತಿದೆ. ‘ಪೂರ್ತಿ ಮೂಲ ಭಾಗಗಳಿಂದಲೇ ದುರಸ್ತಿ’ ಎಂದು ಹೆಮ್ಮೆಯಿಂದ ಮಾರಾಟಕ್ಕಿಟ್ಟ ಪ್ರತಿ ಡ್ರಮ್ಮಿನ ಹಿಂದೆ ಹೀಗೆ ಕರಗಿಹೋದ ಇನ್ನೊಂದು ಡ್ರಮ್ಮಿದೆ. ಹೊಸ ಹಳೆಯ ಲಗ್ ಎಲ್ಲೂ ಹುಟ್ಟುವುದಿಲ್ಲ. ಬೇಡಿಕೆ ಏರಿದಷ್ಟೂ ಇಡಿಯಾಗಿದ್ದವು ಬಿಚ್ಚಿಕೊಳ್ಳುತ್ತವೆ. ರಿಂಗೊನ ಮೊದಲ ಲುಡ್ವಿಗ್ ಸೆಟ್ 2015ರ ಹರಾಜಿನಲ್ಲಿ 20 ಲಕ್ಷ ಡಾಲರಿಗೂ ಮಿಕ್ಕಿ ಹೋಯಿತು. ಅಂಥ ಬೆಲೆ ನೋಡಿ ಉಬ್ಬಿದ ಪೇಟೆಯಲ್ಲಿ ಸಾಧಾರಣ ಡ್ರಮ್ಮಿನ ಸ್ಕ್ರೂಗೂ ಪುರಾತನ ವಸ್ತುವಿನ ಗೌರವ.

ಮೂಲ ಎನ್ನುವುದರಲ್ಲೂ ತಮಾಷೆಯಿದೆ. 1960ರ ದಶಕದ ಲುಡ್ವಿಗ್ ಬಾಸ್ ಡ್ರಮ್ಮುಗಳ ನೆತ್ತಿಯ ಮೇಲೆ ಬೇಡದ ತೂತುಗಳು ಕಾಣುವುದು ಸಾಮಾನ್ಯ. ರೋಜರ್ಸ್‌ನ ಜೋ ಥಾಂಪ್ಸನ್ ರೂಪಿಸಿದ ಸ್ವಿವ್-ಒ-ಮ್ಯಾಟಿಕ್ ಟಾಮ್ ಹೋಲ್ಡರ್ ಗುಂಡಿನ ಕೀಲಿನ ಮೇಲೆ ಬೇಕಾದ ಕೋನಕ್ಕೆ ತಿರುಗುತ್ತಿತ್ತು. ಲುಡ್ವಿಗ್‌ನ ಸ್ವಂತ ಟಾಮ್ ಹೋಲ್ಡರ್ ಅದರ ಮುಂದೆ ಪೇಲವ. ವೃತ್ತಿನಿರತ ಡ್ರಮ್ಮರುಗಳು ಹೊಸ ಲುಡ್ವಿಗ್ ಕೊಂಡ ವಾರದಲ್ಲೇ ಅದಕ್ಕೆ ರೋಜರ್ಸ್ ಹೋಲ್ಡರ್ ಹಾಕಿಸುತ್ತಿದ್ದರು. ಈಗ ಸಂಗ್ರಾಹಕರು ಆ ತೂತುಗಳಿಗೆ ಮರದ ಬೆಣೆ ಬಡಿದು, ಲುಡ್ವಿಗ್‌ನ ಪೇಲವ ಹೋಲ್ಡರನ್ನೇ ದುಬಾರಿಗೆ ತಂದು ಕೂರಿಸುತ್ತಾರೆ. ಆ ಡ್ರಮ್ಮನ್ನು ಹತ್ತಾರು ವರ್ಷ ನುಡಿಸಿದವನ ಆಯ್ಕೆ ಹೀಗೆ ಅಳಿಸಿಹೋಗುತ್ತದೆ. ನನ್ನ ಕೈಗೆ ಅಂಥದ್ದು ಬಂದರೆ ರೋಜರ್ಸ್ ಹೋಲ್ಡರನ್ನು ಹಾಗೇ ಬಿಡುತ್ತೇನೆ.

ಹೊಸದಾಗಿ ಮಾಡಿಸುವುದನ್ನು ಕೀಳೆಂದು ಕಾಣುವವರಿಗೆ ನೆನಪಿಸಬೇಕಾದ ವರ್ಷ 1942. ಎರಡನೇ ಮಹಾಯುದ್ಧಕ್ಕೆ ಲೋಹ ಬೇಕಾಗಿ ಅಮೆರಿಕದ ಸರ್ಕಾರ ವಾದ್ಯಗಳ ತೂಕದಲ್ಲಿ ಲೋಹ ಶೇಕಡ 10ನ್ನು ಮೀರಬಾರದೆಂದು ಕಟ್ಟಪ್ಪಣೆ ಮಾಡಿತು. ಡ್ರಮ್ ಕಂಪನಿಗಳು ಬಾಗಿಲು ಹಾಕಲಿಲ್ಲ. ಸ್ಲಿಂಗರ್‌ಲ್ಯಾಂಡ್ ‘ರೋಲಿಂಗ್ ಬಾಂಬರ್’ ಎಂಬ ಮಾದರಿಯಲ್ಲಿ ಲಗ್ಗುಗಳನ್ನೇ ಮರದಲ್ಲಿ ಕಡೆದು ಕೂರಿಸಿತು, ಡಬ್ಲ್ಯು.ಎಫ್.ಎಲ್. ‘ವಿಕ್ಟರಿ’ ಮಾದರಿ ತಂದಿತು. ಆ ಮರದ ಲಗ್ಗುಗಳು ಇಂದು ಅಪರೂಪದ ಸಂಗ್ರಹಯೋಗ್ಯ ವಸ್ತು. ಕಂಪನಿಗೆ ಲೋಹ ಸಿಗದಾಗ ಮರ ಹಾಕಿದ್ದು ಚರಿತ್ರೆಯಾದರೆ, ಲಗ್ ಸಿಗದಾಗ ರಿಪೇರಿಯವನು ಎರಕ ಹೊಯ್ಯಿಸಿದ್ದು ನಕಲು ಹೇಗಾದೀತು?

ಮಾಡಿಸುವ ಕೆಲಸ ಹೇಳಿದಷ್ಟು ಸುಲಭವಲ್ಲ ಎನ್ನುವುದೂ ನಿಜ. ಸತುವಿನ ಲಗ್ಗನ್ನು ಮೊದಲಿನಂತೆಯೇ ಮಾಡಲು ಉಕ್ಕಿನ ಡೈ ಬೇಕು. ಸಾವಿರಗಟ್ಟಲೆ ಮಾಡುವವನಿಗೆ ಮಾತ್ರ ಅದರ ಖರ್ಚು ಗಿಟ್ಟುತ್ತದೆ. ಎರಡು ಮೂರು ಬೇಕಾದವನಿಗೆ ಉಳಿಯುವ ದಾರಿ ಹಿತ್ತಾಳೆಯಲ್ಲಿ ಮರಳಿನ ಎರಕ, ಮೇಣದ ಅಚ್ಚಿನ ಎರಕ, ಇಲ್ಲವೇ ಅಲ್ಯೂಮಿನಿಯಂ ಗಟ್ಟಿಯನ್ನು ಸಿ.ಎನ್.ಸಿ. ಯಂತ್ರದಲ್ಲಿ ಕಡೆಸುವುದು. ಎರಕದಲ್ಲಿ ಹೊಸಬರು ಎಡವುವುದು ಕುಗ್ಗುವಿಕೆಯ ಲೆಕ್ಕದಲ್ಲಿ. ಹಳೆಯ ಲಗ್ಗನ್ನೇ ಅಚ್ಚಿಗೆ ಇಟ್ಟು ಹಿತ್ತಾಳೆ ಹೊಯ್ದರೆ ತಣ್ಣಗಾಗುವಾಗ ಅದು ಶೇಕಡ ಒಂದೂವರೆಯಷ್ಟು ಕುಗ್ಗುತ್ತದೆ. ಸ್ಕ್ರೂ ತೂತುಗಳ ನಡುವೆ 50 ಮಿಲಿಮೀಟರ್ ಇದ್ದದ್ದು ಮುಕ್ಕಾಲು ಮಿಲಿಮೀಟರ್ ಕಮ್ಮಿಯಾದರೆ ಶೆಲ್ಲಿನ ತೂತಿಗೆ ಕೂರದು. ಆಗ ತೂತನ್ನು ಅಗಲಿಸುವ ದುರ್ಬುದ್ಧಿ ಬರುತ್ತದೆ. ಹಳೆಯ ಲಗ್ಗನ್ನು ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ಕುಗ್ಗುವಷ್ಟು ಹಿಗ್ಗಿಸಿ, ತ್ರಿಡಿ ಪ್ರಿಂಟರಿನಲ್ಲಿ ಮಾದರಿ ತೆಗೆದು ಎರಕಕ್ಕೆ ಕೊಡುವುದು ಈಗಿನ ಉಪಾಯ. ತೂತುಗಳನ್ನು ಎರಕದಲ್ಲಿ ಬಿಡದೆ ಆಮೇಲೆ ಅಳೆದು ಕೊರೆಯುವುದು ಇನ್ನೂ ಕ್ಷೇಮ. ಹಿತ್ತಾಳೆ ಲಗ್ಗಿನ ಸತುವಿನ ಮಿಶ್ರಲೋಹಕ್ಕಿಂತ ಕಾಲುಭಾಗಕ್ಕೂ ಹೆಚ್ಚು ಭಾರ. ಒಂದು ಲಗ್ ಭಾರವಾದರೆ ನಾದ ಕೆಟ್ಟಿತು ಎನ್ನುವವರಿದ್ದಾರೆ. ಹೆಡ್ಡು, ಅಂಚು, ಶ್ರುತಿ ಸರಿ ಇಲ್ಲದ ಡ್ರಮ್ಮುಗಳ ಮುಂದೆ ಕೂತು ಅವರು ಹಾಗೆ ವಾದಿಸುವುದನ್ನು ಕೇಳಿದ್ದೇನೆ.

ಎಲ್ಲ ಭಾಗವೂ ಮಾಡಿಸಲು ಯೋಗ್ಯವಲ್ಲ. ಟೆನ್ಷನ್ ರಾಡ್, ಹೂಪ್ ಕೊಳ್ಳುವುದೇ ಲೇಸು. ಬಾಸ್ ಡ್ರಮ್ಮಿನ ಕಾಲು, ಟಿ-ರಾಡ್, ಫ್ಲೋರ್ ಟಾಮಿನ ಬ್ರಾಕೆಟ್ ಯಾವ ಲೇತಿನವನೂ ಮಾಡಬಲ್ಲ. ಸ್ಟ್ರೇನರ್ ಕಷ್ಟ: ಚಲಿಸುವ ಭಾಗಗಳು, ತೆಳು ಸ್ಪ್ರಿಂಗ್, ಚೂರು ಸಡಿಲವಾದರೂ ತಂತಿ ಗರಗರ ಎನ್ನುತ್ತದೆ. ರೋಜರ್ಸ್ ಡೈನಾಸಾನಿಕ್‌ನಲ್ಲಂತೂ ಸ್ನೇರ್ ತಂತಿಗೇ ಪ್ರತ್ಯೇಕ ಚೌಕಟ್ಟು. ಆ ಚೌಕಟ್ಟು ಕಳೆದ ಡ್ರಮ್ಮುಗಳು ವರ್ಷಗಟ್ಟಲೆ ಬೇಕಾರಾಗಿ ಕೂತಿದ್ದವು. ರೋಜರ್ಸ್ ಹೆಸರು ಈಚೆಗೆ ಮರಳಿ ಬಂದು ಡೈನಾಸಾನಿಕ್ ಮತ್ತೆ ತಯಾರಾಗತೊಡಗಿದ ಮೇಲೆ ಆ ಕೊರತೆ ಸ್ವಲ್ಪ ನೀಗಿದೆ. ಮಾಡಲು ಅತಿ ಸುಲಭ, ಮಾಡಬಾರದ್ದು ಬ್ಯಾಡ್ಜ್. ಬ್ಯಾಡ್ಜಿನಿಂದ ನಾದಕ್ಕೂ ಬಿಗಿಗೂ ಲಾಭವಿಲ್ಲ, ಹಳೆಯ ಬೆಲೆ ಕೇಳುವುದಕ್ಕೆ ಮಾತ್ರ ಲಾಭ. ಲುಡ್ವಿಗ್ ಬ್ಯಾಡ್ಜಿನಲ್ಲಿ ಸೀರಿಯಲ್ ನಂಬರ್ ಬಂದದ್ದು 1963ರ ಕೊನೆಗೆ. ಆ ನಂಬರಿನಿಂದ ವರ್ಷ ನಿಖರವಾಗಿ ಗೊತ್ತಾಗದು, ಅದಕ್ಕಿಂತ ಶೆಲ್ಲಿನ ಒಳಗೆ ಒತ್ತಿದ ತಾರೀಖಿನ ಮುದ್ರೆ ನಂಬಲರ್ಹ. ಹೊಸ ಭಾಗ ಹಾಕಿದವರೂ ಶೆಲ್ಲಿನ ಒಳಮೈಗೆ ಪೆನ್ಸಿಲಿನಲ್ಲಿ ಏನು ಬದಲಾಯಿತು, ಯಾವಾಗ ಎಂದು ಬರೆದು, ಲಗ್ಗಿನ ಒಳಗೊಂದು ಗುರುತು ಕೊರೆದರೆ ಮೋಸಕ್ಕೆ ಎಡೆಯಿರುವುದಿಲ್ಲ. ಸಂಗ್ರಾಹಕರ ಅನುಮಾನ ನಿಜಕ್ಕೂ ಇರಬೇಕಾದ್ದು ಈ ಗುರುತಿಲ್ಲದ ಕೆಲಸದ ಮೇಲೆ.

ಕರ್ನಾಟಕದಲ್ಲಿ ಕೂತು ಇದನ್ನು ಮಾಡುವವನಿಗೆ ಹುಡುಕಾಟಕ್ಕಿಂತ ಮಾಡಿಸುವುದೇ ಹತ್ತಿರದ ದಾರಿ. 1991ರ ತನಕ ಆಮದಿನ ಕಟ್ಟುಪಾಡು ಬಿಗಿಯಾಗಿತ್ತು. ಬೆಂಗಳೂರು ದಂಡಿನ ಡ್ಯಾನ್ಸ್ ಬ್ಯಾಂಡುಗಳು, ಚರ್ಚುಗಳು, ಹೋಟೆಲುಗಳಿಗೆ ಹೇಗೋ ಬಂದ ಡ್ರಮ್ಮುಗಳ ಸಂಖ್ಯೆಯೇ ಸಣ್ಣದು, ಹಾಗಾಗಿ ಕಡಿದು ಹಂಚಿಕೊಳ್ಳಲು ಇಲ್ಲಿ ಅನಾಥ ಡ್ರಮ್ಮುಗಳ ರಾಶಿ ಇಲ್ಲ. ವಿದೇಶದಿಂದ ಒಂದು ಲಗ್ ತರಿಸಿದರೆ ಸಾಗಣೆ ಮತ್ತು ಸುಂಕ ಲಗ್ಗಿನ ಬೆಲೆಯನ್ನು ಮೀರುತ್ತದೆ. ಕೈಯಳತೆಯಲ್ಲಿ ಪೀಣ್ಯದ ಟರ್ನರುಗಳಿದ್ದಾರೆ, ಬೆಳಗಾವಿಯ ಫೌಂಡ್ರಿಗಳಿವೆ, ನಾಗಮಂಗಲದ ಹಿತ್ತಾಳೆ ಕೆಲಸಗಾರರಿಗೆ ಎರಕ ತಲೆಮಾರುಗಳ ವಿದ್ಯೆ. ಬ್ಯಾಂಡ್ ವಾದ್ಯಗಳ ತವರಾದ ಮೀರತ್‌ನಲ್ಲಿ ಪಥಸಂಚಲನದ ಡ್ರಮ್ಮಿಗೆ ಬೇಕಾದ ಹೂಪು, ಹುಕ್ಕು ಇವತ್ತೂ ತಯಾರಾಗುತ್ತವೆ. ಮನೋಭಾವದಲ್ಲೂ ನಮಗೊಂದು ಅನುಕೂಲವಿದೆ. ಹಲಸಿನ ಮರದ ಮೃದಂಗಕ್ಕೆ ಮುಚ್ಚಿಗೆ ಬದಲಾಯಿಸಿ, ಬಾರು ಹೊಸದು ಎಳೆದು, ಕರಣೆ ಮತ್ತೆ ಹಾಕಿಸಿದರೆ ಅದು ಮೂಲ ಮೃದಂಗವೇ ಎಂದು ಯಾರೂ ತಕರಾರು ತೆಗೆಯುವುದಿಲ್ಲ. ಈಚೆಗೆ ಬಾರಿನ ಬದಲು ನಟ್ಟು ಬೋಲ್ಟು ಹಾಕಿದ ಮೃದಂಗಗಳೂ ಕಛೇರಿ ಏರಿವೆ. ಇನ್ನು ಮೂವತ್ತು ವರ್ಷಕ್ಕೆ ಆ ಬೋಲ್ಟಿನ ಥ್ರೆಡ್ ಯಾವುದೆಂದು ಹುಡುಕುವವರೂ ಹುಟ್ಟಿಕೊಳ್ಳಬಹುದು.

ಕೊನೆಗೆ ಉಳಿಯುವ ತೊಡಕು ಕ್ರೋಮ್ ಲೇಪನದ್ದು. ಹೊಸ ಲಗ್ ಹಳೆಯವುಗಳ ಪಕ್ಕ ಹೊಂದಬೇಕಾದರೆ ಕ್ರೋಮ್ ಹೊಡೆಸಬೇಕು. ಕಲೆ ಬಿದ್ದ ಹಳೆಯದಕ್ಕೂ ಮತ್ತೆ ಹೊಡೆಸುವವರಿದ್ದಾರೆ. ಅದಕ್ಕೆ ಹಳೆಯ ಲೇಪ ಕಿತ್ತು ಉಜ್ಜುವಾಗ ಎರಕದ ಚೂಪು ಅಂಚುಗಳು ಮೊಂಡಾಗುತ್ತವೆ, ಹೊಸ ಲೇಪ ಥ್ರೆಡ್ಡಿನೊಳಗೆ ತುಂಬಿಕೊಂಡು ರಾಡ್ ಸಿಕ್ಕುತ್ತದೆ. ಜೊತೆಗೆ ಹಳೆಯ ವಿಧಾನದ ತೊಟ್ಟಿಯಲ್ಲಿರುವುದು ಹೆಕ್ಸಾವೇಲೆಂಟ್ ಕ್ರೋಮಿಯಂ, ಕ್ಯಾನ್ಸರ್‌ಕಾರಕ. ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಕಂಡ ಅಧ್ಯಯನಗಳು ಇವೆ. ಐರೋಪ್ಯ ಒಕ್ಕೂಟ ಅದರ ಬಳಕೆಗೆ ವಿಶೇಷ ಅನುಮತಿ ಕಡ್ಡಾಯ ಮಾಡಿದೆ. ಕ್ಯಾಲಿಫೋರ್ನಿಯಾ 2023ರಲ್ಲಿ ಅಲಂಕಾರದ ಲೇಪನಕ್ಕೆ ಅದನ್ನು ಹಂತಹಂತವಾಗಿ ನಿಲ್ಲಿಸುವ ನಿಯಮ ತಂದಿತು. ಬದಲಿಯಾಗಿ ಬಂದಿರುವ ಟ್ರೈವೇಲೆಂಟ್ ಕ್ರೋಮ್‌ಗೆ ಹಳೆಯದರ ನೀಲಿ ಛಾಯೆ ಇಲ್ಲ, ಕೊಂಚ ಕಪ್ಪು ಹೊಡೆಯುತ್ತದೆ. ಹಳೆಯ ಲಗ್ಗುಗಳನ್ನು ಕಲೆಯ ಸಮೇತ ಹಾಗೇ ಬಿಟ್ಟು, ಮಾಡಿಸಿದ ಒಂದಕ್ಕೆ ಮಾತ್ರ ಟ್ರೈವೇಲೆಂಟ್ ಹೊಡೆಸುವುದು ನನಗೆ ಸರಿ ಕಾಣುವ ಕ್ರಮ. ಹತ್ತರಲ್ಲಿ ಒಂದರ ಬಣ್ಣ ಬೇರೆ ಕಾಣುತ್ತದೆ, ಯಾವುದು ಹೊಸದೆಂದು ಕೊಳ್ಳುವವನು ಕೇಳಬೇಕಾಗಿಯೇ ಇಲ್ಲ.